ಮಾಲ್ಟ್ ಮೇಲೆ ಅನುಮಾನ ಆಮೇಲೆ, ಮೊದಲು ನಿಮ್ಮ ಅಳತೆ ನೋಡಿ

ನೀವು ಹಾವೇರಿಯವರು, ಈಗ ಮ್ಯಾಂಚೆಸ್ಟರಿನಲ್ಲಿದ್ದೀರಿ. 5 ಕೆಜಿ ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಹಾಕಿ ಮನೆಯಲ್ಲೇ ಬಿಯರ್ ಮಾಡಲು ಹೊರಟಿದ್ದೀರಿ. ಕುದಿಸುವ ಮೊದಲು 26 ಲೀಟರ್ ವರ್ಟ್, ಅಂದರೆ ಮಾಲ್ಟ್ ನೆನೆಸಿ ಸೋಸಿದ ಸಿಹಿ ನೀರು ಸಿಕ್ಕಿತು. ಅದರ ಗ್ರಾವಿಟಿ, ಅಂದರೆ ನೀರು 1.000 ಆದರೆ ಅದಕ್ಕಿಂತ ಎಷ್ಟು ಭಾರ ಅನ್ನುವ ಅಳತೆ, 1.036 ಬಂತು. ರೆಸಿಪಿಯಲ್ಲಿ ಎಫಿಶಿಯೆನ್ಸಿ 75% ಅಂತಿದೆ. ನಿಮ್ಮದು ಎಷ್ಟು, ಮಾಲ್ಟ್ ಹಳೆಯದಿರಬಹುದಾ, ಊರಿಂದ ತಂದ ಜೋಳ ಸ್ವಲ್ಪ ಸೇರಿಸಬಹುದಾ ಅಂತ ಕೇಳಿದ್ದೀರಿ.

ನಾನೂ ಕೆಲವು ವರ್ಷ ಇಂಗ್ಲೆಂಡಿನಲ್ಲಿದ್ದೆ. ಅಲ್ಲಿ ಮನೆ ಬಳಕೆಗೆ ಬಿಯರ್ ಮಾಡಲು 1963ರಿಂದ ಲೈಸೆನ್ಸ್ ಬೇಕಿಲ್ಲ. ಈಗ ಧಾರವಾಡದಲ್ಲಿದ್ದೇನೆ. ಇಲ್ಲಿ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮಾಡುವ ಹಾಗಿಲ್ಲ. ಹಾಗಾಗಿ ಯೀಸ್ಟ್ ಹಾಕುವುದನ್ನು ಬಿಟ್ಟಿದ್ದೇನೆ. ವರ್ಟನ್ನೇ ಕಾಯಿಸಿ ಕಾಯಿಸಿ ಜೇನಿನ ಹಾಗೆ ಗಟ್ಟಿ ಮಾಡಿ, ಮಕ್ಕಳಿಗೆ ಹಾಲಿನಲ್ಲಿ ಕಲಸಿ ಕೊಡುತ್ತೇನೆ. ಲೆಕ್ಕ ಮಾತ್ರ ಎರಡಕ್ಕೂ ಒಂದೇ.

ಎಫಿಶಿಯೆನ್ಸಿ ಅಂದರೆ ಕಾಳಿನಲ್ಲಿ ಇದ್ದದ್ದೆಷ್ಟು, ಪಾತ್ರೆಗೆ ಬಂದದ್ದೆಷ್ಟು ಅನ್ನುವುದು. ಒಂದು ಕೆಜಿ ಸಕ್ಕರೆ ಕರಗಿಸಿ, ಒಟ್ಟು ಹತ್ತು ಲೀಟರ್ ಆಗುವಷ್ಟು ನೀರು ಸೇರಿಸಿದರೆ ಗ್ರಾವಿಟಿ ಸುಮಾರು 1.038 ಬರುತ್ತದೆ. 1.0 ಆದ ಮೇಲೆ ಬರುವ ಆ 38ಕ್ಕೆ ಪಾಯಿಂಟ್ ಅನ್ನುತ್ತಾರೆ, ಅದನ್ನು ಹತ್ತು ಲೀಟರಿನಿಂದ ಗುಣಿಸಿ. 380 ಪಾಯಿಂಟ್, ಸ್ವಲ್ಪ ಜಾಸ್ತಿಯೇ ಇರಬಹುದು. ಮಾಲ್ಟ್ ಪೂರ್ತಿ ಸಕ್ಕರೆ ಅಲ್ಲ. ಹೊಟ್ಟು ಇದೆ, ಪ್ರೋಟೀನ್ ಇದೆ, ತೇವ ಇದೆ. ಒಳ್ಳೆಯ ಪೇಲ್ ಮಾಲ್ಟ್ ಕೆಜಿಗೆ ಸುಮಾರು 300 ಪಾಯಿಂಟ್ ಕೊಡಬಲ್ಲದು. ನಿಮ್ಮ 5 ಕೆಜಿಗೆ 1500. ಬಂದದ್ದು 26 ಗುಣಿಸು 36, ಅಂದರೆ 936. ಭಾಗಿಸಿದರೆ 62% ಚಿಲ್ಲರೆ.

ಆದರೆ ಈ 62ನ್ನು ನಾನು ನಂಬುವುದಿಲ್ಲ. ಸ್ಯಾಂಪಲ್ ಇನ್ನೂ ಬೆಚ್ಚಗಿತ್ತು ಅಂತ ನೀವೇ ಬರೆದಿದ್ದೀರಿ, ಅಲ್ವಾ? ಹೈಡ್ರೋಮೀಟರಿಗೆ (ಗ್ರಾವಿಟಿ ನೋಡಲು ತೇಲಿಬಿಡುವ ಕೊಳವೆ) ಗೀಟು ಹಾಕಿರುವುದು ಸಾಮಾನ್ಯವಾಗಿ 20 ಡಿಗ್ರಿಯ ಲೆಕ್ಕದಲ್ಲಿ. ಬಿಸಿ ನೀರು ಹಗುರ, ಅದರಲ್ಲಿ ಹೈಡ್ರೋಮೀಟರ್ ಜಾಸ್ತಿ ಮುಳುಗುತ್ತದೆ, ಓದು ಕಡಿಮೆ ಬರುತ್ತದೆ. 40 ಡಿಗ್ರಿಯಲ್ಲಿ ಸುಮಾರು 6 ಪಾಯಿಂಟ್ ಕಡಿಮೆ. 60 ಡಿಗ್ರಿಯಲ್ಲಿ 15ರ ಹತ್ತಿರ. ನಿಮ್ಮದು 40 ಇತ್ತು ಅಂದುಕೊಳ್ಳೋಣ. ಆಗ ನಿಜವಾದ ಗ್ರಾವಿಟಿ 1.042. ಇನ್ನು ಆ 26 ಲೀಟರ್ ಕೂಡ ಬಿಸಿ ಇದ್ದಾಗ ಅಳೆದದ್ದು. 65 ಡಿಗ್ರಿಯ ವರ್ಟ್ ಆರಿದರೆ ಹೆಚ್ಚು ಕಡಿಮೆ 25.5 ಲೀಟರ್ ಆಗುತ್ತದೆ. ಕುದಿಯುವಾಗ ಅಳೆದರೆ ವ್ಯತ್ಯಾಸ ಇನ್ನೂ ಜಾಸ್ತಿ, ಶೇಕಡಾ 4ರಷ್ಟು. ಈಗ 25.5 ಗುಣಿಸು 42, ಅಂದರೆ 1071. ಎಫಿಶಿಯೆನ್ಸಿ 71%. ಮಾಲ್ಟ್ ಅದೇ, ಪಾತ್ರೆ ಅದೇ, ನೀವು ಏನನ್ನೂ ಬದಲಿಸಿಲ್ಲ.

ಆದ್ದರಿಂದ ಎರಡು ಕೆಲಸ ಮೊದಲು ಮಾಡಿ. ಸ್ಯಾಂಪಲನ್ನು ಸ್ಟೀಲ್ ಲೋಟದಲ್ಲಿ ಹಿಡಿದು, ಮುಚ್ಚಿ, ತಣ್ಣೀರಿನಲ್ಲಿಟ್ಟು ಪೂರ್ತಿ ಆರಿಸಿ. ಮುಚ್ಚದಿದ್ದರೆ ಆವಿ ಹೋಗಿ ಸಕ್ಕರೆ ಜಾಸ್ತಿ ಇದ್ದ ಹಾಗೆ ತೋರಿಸುತ್ತದೆ. ಇನ್ನೊಂದು, ಪಾತ್ರೆಯ ಮೇಲಿನ ಗುರುತು ನಂಬಬೇಡಿ. ಒಂದೊಂದೇ ಲೀಟರ್ ನೀರು ಸುರಿದು, ಕಟ್ಟಿಗೆ ಸೌಟಿನ ಹಿಡಿಕೆಗೆ ನೀವೇ ಗೀಟು ಹಾಕಿಕೊಳ್ಳಿ. ನನ್ನ ಸೌಟು ಇನ್ನೂ ಇದೆ, ಇವತ್ತಿಗೂ ಅದರಿಂದಲೇ ಅಳೆಯುತ್ತೇನೆ.

ರೆಸಿಪಿಯ 75% ಯಾವುದು ಅಂತಲೂ ನೋಡಿ. ಕೆಲವರು ಕುದಿಸುವ ಮೊದಲಿನದ್ದು ಬರೆಯುತ್ತಾರೆ, ಕೆಲವರು ಫರ್ಮೆಂಟರಿಗೆ, ಅಂದರೆ ಯೀಸ್ಟ್ ಹಾಕಿ ಹುದುಗಿಸುವ ಪಾತ್ರೆಗೆ ಇಳಿಸಿದ ಮೇಲಿನದ್ದು. ತಳದ ಗಸಿಯಲ್ಲಿ ಎರಡು ಲೀಟರ್ ಬಿಟ್ಟರೆ ಎರಡನೆಯದು ತಾನಾಗಿಯೇ ಇಳಿಯುತ್ತದೆ.

ಸರಿಯಾಗಿ ಅಳೆದ ಮೇಲೂ ಕಡಿಮೆ ಬಂದರೆ, ನಷ್ಟ ಎಲ್ಲಾಯಿತು ಅಂತ ಹುಡುಕಬೇಕು. ಕೆಜಿಗೆ 3 ಲೀಟರ್ ನೀರಿನಲ್ಲಿ ಮ್ಯಾಶ್ ಮಾಡಿದ್ದರೆ (ಒಡೆದ ಮಾಲ್ಟನ್ನು ಬಿಸಿ ನೀರಿನಲ್ಲಿ ನೆನೆಸಿಟ್ಟಿದ್ದರೆ), ಕಾಳಿಗೆ ಅಂಟಿದ ಸಕ್ಕರೆ ತೊಳೆಯುವ ಸ್ಪಾರ್ಜ್ ನೀರು ಹಾಕುವ ಮೊದಲೇ ಮೊದಲ ವರ್ಟಿನ ಗ್ರಾವಿಟಿ ನೋಡಿ. 1.080 ದಾಟಿದ್ದರೆ ಪಿಷ್ಟವೆಲ್ಲ ಸಕ್ಕರೆಯಾಗಿದೆ, ತೊಳೆಯುವುದು ಸಾಲದು ಅಂತ ಅರ್ಥ. ಹುಣಸೆಹಣ್ಣನ್ನು ಒಂದೇ ಸಲ ಕಿವುಚಿದರೆ ಹುಳಿ ಉಳಿಯುತ್ತದಲ್ಲ, ಹಾಗೆ. ಸ್ಪಾರ್ಜ್ ನೀರನ್ನು ಎರಡು ಪಾಲು ಮಾಡಿ ಹಾಕಿ, ಪ್ರತಿ ಸಲ ಚೆನ್ನಾಗಿ ತಿರುವಿ. ಮೊದಲ ವರ್ಟೇ 1.065 ಇದ್ದರೆ ಪಿಷ್ಟ ಇನ್ನೂ ಕಾಳಿನಲ್ಲೇ ಇದೆ. ಹೆಚ್ಚಿನ ಸಲ ಕಾರಣ ಕಾಳು ಸರಿಯಾಗಿ ಒಡೆಯದಿರುವುದು.

ಇದರಲ್ಲಿ ನನಗೆ ಪೆಟ್ಟು ಬಿದ್ದಿದೆ. ಧಾರವಾಡಕ್ಕೆ ಬಂದ ಹೊಸದರಲ್ಲಿ ಮಾಲ್ಟನ್ನು ಓಣಿಯ ಹಿಟ್ಟಿನ ಗಿರಣಿಗೆ ಕೊಟ್ಟೆ. ನುಚ್ಚಿನ ಹಾಗೆ ಬೇಕು ಅಂತ ಹೇಳಿದ್ದೆ, ಬಂದದ್ದು ರೊಟ್ಟಿ ಹಿಟ್ಟು. ಹೊಟ್ಟು ಪುಡಿಯಾದರೆ ಸೋಸಲು ಏನೂ ಉಳಿಯುವುದಿಲ್ಲ. ಅಡಿಯಲ್ಲಿ ಅಂಟು ಕಟ್ಟಿತು, ಎರಡು ತಾಸು ಕಾದರೂ ಹನಿ ಹನಿಯೇ. ಕೊನೆಗೆ ಬಟ್ಟೆಯಲ್ಲಿ ಹಾಕಿ ಹಿಂಡಿದೆ. ಅಂದಿನಿಂದ ಮೊದಲು ಒಂದು ಹಿಡಿ ಒಡೆಸಿ ನೋಡುತ್ತೇನೆ. ಹೊಟ್ಟು ಇಡಿಯಾಗಿರಬೇಕು, ಒಳಗಿನ ಕಾಳು ನಾಲ್ಕೈದು ಚೂರಾಗಿರಬೇಕು. ಇಡೀ ಕಾಳು ಒಂದೂ ಕಾಣಬಾರದು.

ಜೋಳ ಖಂಡಿತ ಹಾಕಿ, ಊರಿನ ಬಿಳಿಜೋಳ ಅಂದರೆ ನನಗೂ ಖುಷಿ. ಆದರೆ ಹಸಿ ಹಾಕಬೇಡಿ. ಬಾರ್ಲಿಯ ಪಿಷ್ಟ 65 ಡಿಗ್ರಿಗೆ ಬಿಚ್ಚಿಕೊಳ್ಳುತ್ತದೆ, ಜೋಳದ್ದಕ್ಕೆ ಅದಕ್ಕಿಂತ ಜಾಸ್ತಿ ಬಿಸಿ ಬೇಕು. ಮ್ಯಾಶಿಗೆ ಸುಮ್ನೆ ಸುರಿದರೆ ಅರ್ಧಕ್ಕರ್ಧ ಹಾಗೇ ಉಳಿದು ನಿಮ್ಮ ಎಫಿಶಿಯೆನ್ಸಿ ಇನ್ನೂ ಬೀಳುತ್ತದೆ. 4.5 ಕೆಜಿ ಮಾಲ್ಟಿಗೆ ಅರ್ಧ ಕೆಜಿ ಜೋಳ ಸಾಕು. ಮನೆಯಲ್ಲಿ ನುಚ್ಚು ಮಾಡುವ ಹಾಗೆಯೇ ಒಡೆದು, ಉಪ್ಪು ಹಾಕದೆ ತೆಳ್ಳಗೆ ಮೆತ್ತಗೆ ಬೇಯಿಸಿ. 65 ಡಿಗ್ರಿಗೆ ಆರಿದ ಮೇಲೆ ಮ್ಯಾಶಿಗೆ ಸೇರಿಸಿ ಗಂಟಿಲ್ಲದ ಹಾಗೆ ತಿರುವಿ. ಅದಕ್ಕೆ ಹಾಕಿದ ನೀರನ್ನೂ ಒಟ್ಟು ನೀರಿನ ಲೆಕ್ಕದಲ್ಲಿ ಹಿಡಿಯಿರಿ.