ಪೆಪ್ಪರ್ ಸ್ಪ್ರೇ ಕೊಳ್ಳುವಾಗ ಖಾರ ಎಷ್ಟು ಅನ್ನೋದು ಆಮೇಲೆ

ಬೆಂಗಳೂರಿನಲ್ಲಿ ಸೆಕೆಂಡ್ ಶಿಫ್ಟ್, ರಾತ್ರಿ ಹನ್ನೊಂದರ ಮೇಲೆ ಬಸ್ ಇಳಿದು ಪಿಜಿವರೆಗೆ ನಡೆಯಬೇಕು, ಎಲ್ಲಕ್ಕಿಂತ ಸ್ಟ್ರಾಂಗ್ ಆದ ಪೆಪ್ಪರ್ ಸ್ಪ್ರೇ ಯಾವುದು ಅಂತ ಕೇಳಿದ್ದೀರಿ. ನಾನು ಏಳು ವರ್ಷದಿಂದ ಒಂದಲ್ಲ ಒಂದು ಸ್ಪ್ರೇ ಇಟ್ಟುಕೊಂಡೇ ಓಡಾಡುತ್ತಿದ್ದೇನೆ. ಎರಡು ಸೆಕೆಂಡಿನಲ್ಲಿ ಕೈಗೆ ಸಿಗುತ್ತಾ, ಕತ್ತಲಲ್ಲಿ ನೋಡದೆ ಒತ್ತೋಕೆ ಬರುತ್ತಾ, ಮೊದಲು ಅದನ್ನು ನೋಡಿ.

ಒಂದು ರಾತ್ರಿ ಬಸ್‌ಸ್ಟಾಪಿನಿಂದ ಒಬ್ಬ ಹಿಂದೆಯೇ ಬಂದ. ಸ್ಪ್ರೇ ಇತ್ತು, ಆದರೆ ಬ್ಯಾಗಿನ ತಳದಲ್ಲಿ, ಟಿಫಿನ್ ಡಬ್ಬಿ, ಛತ್ರಿ, ಚಾರ್ಜರ್ ಎಲ್ಲದರ ಕೆಳಗೆ. ತಡಕಾಡಿದೆ, ಸಿಗಲಿಲ್ಲ. ದೀಪ ಉರಿಯುತ್ತಿದ್ದ ಮೆಡಿಕಲ್ ಶಾಪಿಗೆ ಓಡಿಹೋಗಿ ಅಣ್ಣ ಬರುವವರೆಗೆ ಒಳಗೇ ನಿಂತಿದ್ದೆ. ಅವತ್ತಿನಿಂದ ಬಸ್ ಇಳಿಯುವ ಮೊದಲೇ ಅದು ನನ್ನ ಕೈಯಲ್ಲಿರುತ್ತದೆ.

ಹಾಗಾಗಿ ಡಿಯೋಡರೆಂಟ್ ಥರ ಮುಚ್ಚಳ ಕೀಳುವ ಡಬ್ಬಿ ಬೇಡ. ಕೈ ನಡುಗುವಾಗ ಅದರ ತೂತು ಯಾವ ಕಡೆ ಇದೆ ಅಂತಲೇ ಗೊತ್ತಾಗುವುದಿಲ್ಲ, ನಿಮ್ಮ ಮುಖಕ್ಕೇ ಹೊಡೆದುಕೊಳ್ಳಬಹುದು. ಹೆಬ್ಬೆರಳಲ್ಲಿ ಎತ್ತುವ ಅಥವಾ ತಿರುಗಿಸುವ ಲಾಕ್ ಇರುವುದು, ಬೆರಳು ಕೂರಲು ಗುಳಿ ಇರುವುದು ತೆಗೆದುಕೊಳ್ಳಿ. ಹಿಡಿದರೆ ಸಾಕು, ದಿಕ್ಕು ತಾನೇ ಸರಿಯಾಗುತ್ತದೆ.

ಎರಡನೆಯದು, ಅದು ಹೇಗೆ ಚಿಮ್ಮುತ್ತದೆ ಅನ್ನೋದು. ಮಂಜಿನ ಥರ ಹರಡುವುದಕ್ಕೆ ಗುರಿ ಅಷ್ಟು ಬೇಕಿಲ್ಲ, ಆದರೆ ಎದುರುಗಾಳಿ ಇದ್ದರೆ ನಿಮ್ಮ ಕಡೆಗೇ ತಿರುಗುತ್ತದೆ, ಆಟೋ ಒಳಗೆ ಹೊಡೆದರಂತೂ ನಿಮಗೂ ಡ್ರೈವರ್‌ಗೂ ಒಟ್ಟಿಗೆ ಕಣ್ಣು ಮುಚ್ಚಿಹೋಗುತ್ತದೆ. ನಿಮ್ಮದು ರಸ್ತೆಯಲ್ಲಿ ನಡೆಯುವ ದಾರಿ ಅಲ್ವಾ, ನೇರ ಧಾರೆಯಾಗಿ ಹೋಗುವುದು ಅಥವಾ ಜೆಲ್ ವಾಸಿ. ಕಣ್ಣಿಗೆ ಗುರಿ ಇಡಬೇಕು, ಅಷ್ಟೇ.

ಇನ್ನು ಖಾರ. ಹೆಸರಲ್ಲಿ ಪೆಪ್ಪರ್ ಅಂತಿದ್ದರೂ ಒಳಗಿರುವುದು ಕಾಳುಮೆಣಸಲ್ಲ, ಮೆಣಸಿನಕಾಯಿಯ ಎಣ್ಣೆಸತ್ವ. ಡಬ್ಬಿ ಮೇಲೆ ಓಸಿ, ಅಂದರೆ ಈ ಎಣ್ಣೆಸತ್ವ, ಶೇಕಡಾ 10 ಅಂತ ದೊಡ್ಡದಾಗಿ ಬರೆದಿರುತ್ತಾರೆ, ಅದಕ್ಕೆ ಮರುಳಾಗಬೇಡಿ. ಎರಡು ಚಮಚ ಬ್ಯಾಡಗಿ ಪುಡಿ ಹಾಕಿದರೂ ಒಂದು ಚಮಚ ಗುಂಟೂರಿನ ಖಾರ ಬರುವುದಿಲ್ಲ. ಎಣ್ಣೆ ಎಷ್ಟಿದೆ ಅನ್ನುವುದಕ್ಕಿಂತ ಅದರಲ್ಲಿ ಖಾರದ ಅಂಶ ಎಷ್ಟಿದೆ ಅನ್ನೋದು ಮುಖ್ಯ. ಆ ಖಾರದ ಅಂಶಕ್ಕೇ ಮೇಜರ್ ಕ್ಯಾಪ್ಸೈಸಿನಾಯ್ಡ್ಸ್ ಅನ್ನುತ್ತಾರೆ, ಡಬ್ಬಿ ಮೇಲೆ ಹಾಗೆ ಬರೆದಿದ್ದರೆ ಆ ಅಂಕಿ ನೋಡಿ. ಶೇಕಡಾ 1ರ ಆಸುಪಾಸಿದ್ದರೆ ಧಾರಾಳ ಸಾಕು.

ತಂದ ಮೇಲೆ ಸುಮ್ನೆ ಇಡಬೇಡಿ. ಬಯಲಲ್ಲಿ, ಯಾರೂ ಇಲ್ಲದ ಕಡೆ, ಗಾಳಿ ಬೆನ್ನ ಹಿಂದಿನಿಂದ ಬರುವ ಹಾಗೆ ನಿಂತು ಅರೆಕ್ಷಣ ಒತ್ತಿ ನೋಡಿ. ಎಷ್ಟು ದೂರ ಹೋಗುತ್ತದೆ ಅಂತ ತಿಳಿಯುತ್ತದೆ. ಬಿಸಿಲಲ್ಲಿ ನಿಂತ ಸ್ಕೂಟರ್ ಡಿಕ್ಕಿಯಲ್ಲಿ ಬಿಡಬೇಡಿ. ವಿಮಾನದಲ್ಲಿ ಊರಿಗೆ ಹೋಗುವುದಾದರೆ ಮನೆಯಲ್ಲೇ ಇಟ್ಟು ಹೋಗಿ.

ಕೊಳ್ಳಲು, ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಭಾರತೀಯ ನ್ಯಾಯ ಸಂಹಿತೆಯ 34ನೇ ಸೆಕ್ಷನ್‌ನಿಂದ ಆತ್ಮರಕ್ಷಣೆಯ ಹಕ್ಕಿನ ಮಾತು ಬರುತ್ತದೆ. ಆದರೆ ಅದು ಅಪಾಯ ಬಂದಾಗ ಮಾತ್ರ. 2024ರಲ್ಲಿ ಬೆಂಗಳೂರಿನದೇ ಒಂದು ಜಗಳದ ಕೇಸಿನಲ್ಲಿ ಕರ್ನಾಟಕ ಹೈಕೋರ್ಟ್, ಜೀವಕ್ಕೆ ಅಪಾಯ ಇರಲಿಲ್ಲ, ಪೆಪ್ಪರ್ ಸ್ಪ್ರೇಯನ್ನೂ ಅಪಾಯಕಾರಿ ಆಯುಧ ಅನ್ನಬಹುದು ಅಂತ ಹೇಳಿ ಕೇಸ್ ರದ್ದು ಮಾಡಲು ಒಪ್ಪಲಿಲ್ಲ. ಪಾರ್ಕಿಂಗ್ ಜಗಳಕ್ಕೆಲ್ಲ ದಯವಿಟ್ಟು ತೆಗೆಯಬೇಡಿ.

ಹೊಡೆದ ಮೇಲೆ ಅಲ್ಲಿ ನಿಂತು ನೋಡಬೇಡಿ. ಬೆಳಕು, ಜನ ಇರುವ ಕಡೆ ಓಡಿ, 112ಕ್ಕೆ ಫೋನ್ ಮಾಡಿ. ನಿಮಗೂ ತಾಗಿದ್ದರೆ ಕಣ್ಣು ಉಜ್ಜಬೇಡಿ, ಲೆನ್ಸ್ ಇದ್ದರೆ ಕೈ ತೊಳೆದುಕೊಂಡು ತೆಗೆಯಿರಿ, ತಣ್ಣೀರು ಜಾಸ್ತಿ ಹೊತ್ತು ಬಿಡಿ. ಹಸಿಮೆಣಸಿನಕಾಯಿ ಹೆಚ್ಚಿದ ಕೈ ಬರೀ ನೀರಿಗೆ ಬಗ್ಗುವುದಿಲ್ಲವಲ್ಲ, ಇದೂ ಹಾಗೇ, ಚರ್ಮಕ್ಕೆ ಸೋಪು ಬೇಕೇ ಬೇಕು. ಅಸ್ತಮಾ ಇದ್ದರೆ ಕೊಳ್ಳುವ ಮೊದಲೇ ಡಾಕ್ಟರನ್ನು ಕೇಳಿ.

ಕೊನೆಗೆ, ಡಬ್ಬಿಯ ತಳದಲ್ಲಿರುವ ಎಕ್ಸ್‌ಪೈರಿ ದಿನಾಂಕವನ್ನು ಇವತ್ತೇ ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಖಾರ ಉಳಿದಿದ್ದರೂ ಒಳಗಿನ ಒತ್ತಡ ಇಳಿದುಹೋಗಿರುತ್ತದೆ, ಆಗ ಧಾರೆ ನಿಮ್ಮ ಕಾಲ ಬುಡದಲ್ಲೇ ಬೀಳುತ್ತದೆ.