ಜಪಾನಿನಲ್ಲಿ ಸಂಸಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ದಾವಣಗೆರೆಯವರು. ನನ್ನ ಯಜಮಾನರ ಕೆಲಸದ ನಿಮಿತ್ತ ಟೋಕಿಯೊದ ಎದೊಗಾವಾ ವಾರ್ಡಿಗೆ ಬಂದು ಎರಡು ತಿಂಗಳಾಯಿತು. ಕಳೆದ ವಾರ ಕಸದ ಗಾಡಿಯವರು ನಮ್ಮ ಚೀಲವೊಂದನ್ನು ಮಾತ್ರ ಬಿಟ್ಟು ಹೋಗಿದ್ದರು. ಅದರ ಮೇಲೆ ಜಪಾನಿ ಭಾಷೆಯ ಚೀಟಿ ಅಂಟಿತ್ತು. ಅಕ್ಕಪಕ್ಕದವರು ನೋಡಿದರೇ ಹೊರತು ಒಂದು ಮಾತೂ ಆಡಲಿಲ್ಲ. ತುಂಬ ಅವಮಾನವಾಯಿತು. ಹೊರದೇಶದವರೆಂದು ಹೀಗೆ ಮಾಡುತ್ತಾರೆಯೇ?

ಉತ್ತರ: ಹಾಗೇನೂ ಇಲ್ಲ. ಹುಟ್ಟಿದಂದಿನಿಂದ ಅದೇ ಬೀದಿಯಲ್ಲಿರುವವರ ಚೀಲಕ್ಕೂ ಅಂಥ ಚೀಟಿ ಬೀಳುತ್ತದೆ. ‘ಸರಿಯಾಗಿ ಬೇರ್ಪಡಿಸಿಲ್ಲ’ ಅಥವಾ ‘ಇದು ಇಂದು ಒಯ್ಯುವ ಕಸವಲ್ಲ’ ಎಂಬಷ್ಟೇ ಒಕ್ಕಣೆ ಅದರಲ್ಲಿರುತ್ತದೆ. ಚೀಲವನ್ನು ಅಂದೇ ಮನೆಗೆ ತಂದು, ಬೇರ್ಪಡಿಸಿ, ಸರಿಯಾದ ದಿನ ಇಟ್ಟರೆ ಅಲ್ಲಿಗೆ ಆ ವಿಷಯ ಮುಗಿಯಿತು. ಅಲ್ಲಿಯೇ ಬಿಟ್ಟರೆ ಮಾತ್ರ ಬೇಸರ ಬೆಳೆಯುತ್ತದೆ, ಏಕೆಂದರೆ ಕಸವಿಡುವ ಜಾಗವನ್ನು ಗುಡಿಸುವುದು, ಕಾಗೆಗಳು ಚೀಲ ಹರಿಯದಂತೆ ಹೊದಿಸಿದ ಬಲೆಯನ್ನು ಮಡಿಸಿ ಒಳಗಿಡುವುದು ಬಹಳಷ್ಟು ಬೀದಿಗಳಲ್ಲಿ ಆಯಾ ಮನೆಯವರೇ ಸರದಿಯ ಮೇಲೆ ಮಾಡುವ ಕೆಲಸ. ನೀವು ಬಿಟ್ಟ ಚೀಲ ಆ ವಾರ ಸರದಿ ಬಂದ ಮನೆಯವರ ತಲೆಗೆ ಬರುತ್ತದೆ.

ಟೋಕಿಯೊದ ವಾರ್ಡುಗಳಲ್ಲಿ ಸಾಮಾನ್ಯವಾಗಿ ಸುಡುವ ಕಸವನ್ನು ವಾರಕ್ಕೆ ಎರಡು ದಿನ, ಬಾಟಲಿ, ಡಬ್ಬಿ, ಕಾಗದಗಳನ್ನು ಒಂದು ದಿನ, ಸುಡದ ಕಸವನ್ನು ತಿಂಗಳಿಗೆ ಎರಡು ದಿನ ಒಯ್ಯುತ್ತಾರೆ. ಅಂದಂದಿನ ಕಸವನ್ನು ಬೆಳಗಿನ 8 ಗಂಟೆಯೊಳಗೆ ಇಡಬೇಕು; ಹಿಂದಿನ ರಾತ್ರಿಯೇ ಇಡುವುದನ್ನು ಯಾರೂ ಮೆಚ್ಚುವುದಿಲ್ಲ. ನಿಮ್ಮ ಬೀದಿಯ ದಿನಗಳಾವುವು ಎಂಬುದನ್ನು ತಿಳಿಸುವ ಪಟ್ಟಿ ವಾರ್ಡ್ ಕಚೇರಿಯಲ್ಲಿ ಸಿಗುತ್ತದೆ, ಇಂಗ್ಲಿಷಿನಲ್ಲಿಯೂ ಕೇಳಿ ಪಡೆಯಬಹುದು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಬಿಡಿ.

ನನ್ನ ಮೊದಲ ವರ್ಷದಲ್ಲಿ ನಾನೂ ಹೀಗೆಯೇ ಸಿಕ್ಕಿಬಿದ್ದೆ. ಕುಡಿದ ನೀರಿನ ಬಾಟಲಿಗಳನ್ನು ಮುಚ್ಚಳ ಸಮೇತ ಇಟ್ಟಿದ್ದೆ. ಎದುರುಮನೆಯ ಅಜ್ಜಿಯೊಬ್ಬರು ಬೈಯಲಿಲ್ಲ. ನನ್ನ ಮುಂದೆಯೇ ಒಂದು ಬಾಟಲಿ ತೆಗೆದುಕೊಂಡು ಮುಚ್ಚಳ ತಿರುಗಿಸಿ ತೆಗೆದರು, ಸುತ್ತಲಿನ ಲೇಬಲ್ಲಿನಲ್ಲಿ ಚುಕ್ಕಿಚುಕ್ಕಿಯಾಗಿ ತೂತು ಹಾಕಿದ ಗೆರೆಯನ್ನು ಉಗುರಿನಿಂದ ಹಿಡಿದು ಸರ್ರನೆ ಸೀಳಿದರು, ತೊಳೆಯಬೇಕೆಂದು ಕೈಸನ್ನೆ ಮಾಡಿ ತೋರಿಸಿ, ಕಾಲಿನಿಂದ ತುಳಿದು ಚಪ್ಪಟೆ ಮಾಡಿ ನನ್ನ ಕೈಗೆ ಕೊಟ್ಟರು. ಆ ಗೆರೆ ಇರುವುದೇ ಅದಕ್ಕಾಗಿ ಎಂದು ಅದುವರೆಗೂ ನನಗೆ ಹೊಳೆದಿರಲಿಲ್ಲ.

ನಮ್ಮ ಅಡುಗೆಮನೆಗೆ ಸಂಬಂಧಿಸಿದ ಇನ್ನೆರಡು ಮಾತು. ತರಕಾರಿ ಸಿಪ್ಪೆ, ಚಹದ ಚರಟಗಳ ನೀರನ್ನು ಚೆನ್ನಾಗಿ ಹಿಂಡಿ ಸುಡುವ ಕಸಕ್ಕೆ ಹಾಕಬೇಕು. ಪೂರಿ, ಬೋಂಡ ಕರಿದು ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿಯಬಾರದು. ಬಿಸಿಯಾಗಿರುವಾಗಲೇ ಅದಕ್ಕೆ ಬೆರೆಸುವ ಪುಡಿಯೊಂದು ಅಂಗಡಿಗಳಲ್ಲಿ ಸಿಗುತ್ತದೆ, ಆರಿದ ಮೇಲೆ ಎಣ್ಣೆ ಗಟ್ಟಿ ಬಿಲ್ಲೆಯಾಗಿ ಎದ್ದು ಬರುತ್ತದೆ. ಟಿವಿ, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ಏಸಿ ಇವು ನಾಲ್ಕನ್ನು 2001ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಶುಲ್ಕ ಕೊಟ್ಟೇ ಮರುಬಳಕೆಗೆ ಒಪ್ಪಿಸಬೇಕಾದ್ದರಿಂದ, ಯಾರಾದರೂ ಹಳೆಯ ಫ್ರಿಜ್ಜನ್ನು ಪುಕ್ಕಟೆ ಕೊಡುತ್ತೇನೆಂದರೆ ಹಿಗ್ಗುವ ಮುನ್ನ ಸ್ವಲ್ಪ ಯೋಚಿಸಿ.

ಪ್ರಶ್ನೆ: ಮಗಳು ಓದಲೆಂದು ಕ್ಯೋತೊ ನಗರಕ್ಕೆ ಹೊರಟಿದ್ದಾಳೆ. ನಾವು ಶುದ್ಧ ಸಸ್ಯಾಹಾರಿಗಳು. ಮಿಸೊ ಸಾರು ಸೋಯಾ ಅವರೆಯದಾದ್ದರಿಂದ ತಿನ್ನಬಹುದೆಂದು ಪರಿಚಯದವರು ಹೇಳಿದರು. ನಿಜವೇ? ಇಲ್ಲಿಂದ ಏನೇನು ಕಟ್ಟಿಕೊಡಲಿ? (ಶಿವಮೊಗ್ಗದ ತಾಯಿಯೊಬ್ಬರು)

ಉತ್ತರ: ಪರಿಚಯದವರು ಹೇಳಿದ್ದು ಅರ್ಧ ನಿಜ. ಮಿಸೊ ಎಂಬುದು ಸೋಯಾ ಅವರೆ, ಉಪ್ಪು ಮತ್ತು ಅಕ್ಕಿ ಇಲ್ಲವೇ ಬಾರ್ಲಿಯನ್ನು ಹುದುಗು ಬರಿಸಿ ಮಾಡಿದ ಮುದ್ದೆ, ಅದರಲ್ಲಿ ದೋಷವಿಲ್ಲ. ಆದರೆ ಅದನ್ನು ಕದಡುವ ನೀರು ಬರಿಯ ನೀರಲ್ಲ. ಅದು ‘ದಾಶಿ’ ಎಂಬ ಕಟ್ಟು, ಮತ್ತು ಹೋಟೆಲುಗಳಲ್ಲಿ ಅದನ್ನು ಹೆಚ್ಚಾಗಿ ಕತ್ಸುಒಬುಶಿ ಹಾಕಿ ಇಳಿಸುತ್ತಾರೆ: ಬೇಯಿಸಿ, ಹೊಗೆಯಲ್ಲಿಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಒಣಗಿಸಿ, ಬಡಗಿಯ ಉಜ್ಜುಗೊರಡಿನಿಂದ ಹೆರೆದಂತೆ ಹೆರೆದ ಮೀನಿನ ಚಕ್ಕೆ. ಉದೊನ್ ಎಂಬ ದಪ್ಪ ಗೋಧಿ ಶಾವಿಗೆಯ ಸಾರು, ತರಕಾರಿ ಪಲ್ಯ, ನತ್ತೊ ಎಂಬ ಹುದುಗಿಸಿದ ಸೋಯಾ ಅವರೆಯ ಡಬ್ಬಿಯೊಳಗಿನ ಪುಟ್ಟ ಸಾಸಿನ ಪೊಟ್ಟಣ, ಎಲ್ಲದರಲ್ಲಿಯೂ ಅದು ಅಡಗಿರಬಹುದು. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಮೀನು ತಟ್ಟೆಗೆ ಬರುತ್ತದೆ, ಅಲ್ಲಿನವರ ಮಾತಿನಲ್ಲಿ ಮೀನು ಮಾಂಸದ ಲೆಕ್ಕಕ್ಕೆ ಸೇರದು. ‘ನಿಕು ಮೊ ಸಕಾನಾ ಮೊ ತಾಬೆಮಾಸೆನ್’, ಅಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ ಎಂಬ ವಾಕ್ಯವನ್ನು ಮಗಳು ಬಾಯಿಪಾಠ ಮಾಡಿ, ದಾಶಿಯ ಬಗ್ಗೆ ಬೇರೆಯಾಗಿ ಕೇಳಲಿ.

ಮನೆಯಲ್ಲಿಯಾದರೆ ಸುಲಭ. ಕೊಂಬು ಎಂಬ ಒಣ ಕಡಲಪಾಚಿಯ ತುಂಡನ್ನು, ಬೇಕಿದ್ದರೆ ಒಂದೆರಡು ಒಣ ಶಿಇತಾಕೆ ಅಣಬೆಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿದರೆ ಬೆಳಿಗ್ಗೆ ಕಟ್ಟು ಸಿದ್ಧ. ಅದನ್ನು ಕಾಯಿಸಿ, ಒಲೆ ಆರಿಸಿದ ಮೇಲೆ ಮಿಸೊ ಕದಡಬೇಕು. 1908ರಲ್ಲಿ ಕಿಕುನಾಎ ಇಕೆದಾ ಎಂಬ ರಸಾಯನಶಾಸ್ತ್ರಜ್ಞರು ‘ಉಮಾಮಿ’ ಎಂಬ ರುಚಿಯನ್ನು ಗುರುತಿಸಿದ್ದು ಈ ಕೊಂಬುವಿನ ಕಟ್ಟಿನಿಂದಲೇ, ಆದ್ದರಿಂದ ಮೀನಿಲ್ಲದೆ ರುಚಿಯಿಲ್ಲ ಎಂಬ ಮಾತನ್ನು ನಂಬಬೇಕಿಲ್ಲ. ಹೊರಗೆ ತಿನ್ನುವುದಕ್ಕೂ ಕ್ಯೋತೊ ಒಳ್ಳೆಯ ಊರು. ಬೌದ್ಧ ಮಠಗಳ ‘ಶೋಜಿನ್’ ಅಡುಗೆಯಲ್ಲಿ ಮೀನು ಮಾಂಸ ಇಲ್ಲದಿರುವುದಷ್ಟೇ ಅಲ್ಲ, ನಮ್ಮ ಮಡಿ ಅಡುಗೆಯಂತೆ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಸೋಯಾ ಹಾಲಿನ ಮೇಲೆ ಕಟ್ಟುವ ಕೆನೆಯನ್ನು ಎತ್ತಿ ಮಾಡುವ ‘ಯುಬಾ’ವನ್ನು ಅವಳು ಅಲ್ಲಿ ತಿನ್ನದೆ ಬರಬಾರದು.

ಕಟ್ಟಿಕೊಡುವುದಾದರೆ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಇಂಗು ಸಾಕು. ಹಸಿ ಕರಿಬೇವು, ಮಾವಿನಕಾಯಿಗಳನ್ನು ವಿಮಾನ ನಿಲ್ದಾಣದಿಂದ ಹೊರಗೆ ಬಿಡುವುದಿಲ್ಲ. ಮಿಕ್ಸಿಯನ್ನಂತೂ ಕಳಿಸಲೇಬೇಡಿ: ಜಪಾನಿನ ಮನೆಗಳ ವಿದ್ಯುತ್ತು 100 ವೋಲ್ಟಿನದು, ನಮ್ಮ 230 ವೋಲ್ಟಿನ ಮಿಕ್ಸಿ ಅಲ್ಲಿ ಇಡ್ಲಿ ಹಿಟ್ಟು ರುಬ್ಬುವುದಿಲ್ಲ.

ಪ್ರಶ್ನೆ: ನನಗೆ ಅರವತ್ತೆರಡು. ಮಗನ ಮನೆಗೆ ಮೂರು ತಿಂಗಳ ಮಟ್ಟಿಗೆ ಹೋಗುತ್ತಿದ್ದೇನೆ. ಈ ವಯಸ್ಸಿನಲ್ಲಿ ಜಪಾನಿ ಭಾಷೆ ತಲೆಗೆ ಹತ್ತೀತೇ? (ನಿವೃತ್ತ ಶಿಕ್ಷಕರು, ಧಾರವಾಡ)

ಉತ್ತರ: ಮಾಸ್ತರರೇ, ತಮಗೆ ಅರ್ಧ ದಾರಿ ಈಗಾಗಲೇ ಗೊತ್ತಿದೆ. ಜಪಾನಿ ಅಕ್ಷರಮಾಲೆಯ ಸ್ವರಗಳು ಅ, ಇ, ಉ, ಎ, ಒ. ವ್ಯಂಜನಗಳ ಸಾಲು ಕ, ಸ, ತ, ನ, ಹ, ಮ, ಯ, ರ, ವ. ಸಿದ್ಧಂ ಎಂಬ ಹಳೆಯ ಭಾರತೀಯ ಲಿಪಿಯ ಮೂಲಕ ಸಂಸ್ಕೃತವನ್ನು ಓದಿದ ಬೌದ್ಧ ಭಿಕ್ಷುಗಳಿಂದ ಬಂದ ಕ್ರಮವಿದು. ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿ ನಾಮಪದದ ನಂತರ ಅಂಟುತ್ತದೆ. ‘ತಾಬೆತೆ’ ಎಂದರೆ ತಿಂದು, ‘ಮಿರು’ ಎಂದರೆ ನೋಡು. ‘ತಾಬೆತೆ ಮಿರು’ ಎಂದರೆ ನಾವು ಆಡುವಂತೆಯೇ ತಿಂದು ನೋಡುವುದು. ಇಂಗ್ಲಿಷಿನವರಿಗೆ ಇದನ್ನು ವಿವರಿಸಲು ಒಂದು ಪುಟ ಬೇಕು. ಸಾವಿರಗಟ್ಟಲೆಯ ಚೀನೀ ಮೂಲದ ಅಕ್ಷರಗಳ ಗೋಜಿಗೆ ಈ ಮೂರು ತಿಂಗಳು ಹೋಗಬೇಡಿ. 46 ಅಕ್ಷರಗಳ ಕತಕನ ಎಂಬ ಲಿಪಿಯೊಂದನ್ನು ಮೊದಲು ಕಲಿಯಿರಿ. ಹೊರಗಿನಿಂದ ಬಂದ ಮಾತುಗಳನ್ನು ಅದರಲ್ಲಿಯೇ ಬರೆಯುವುದರಿಂದ ‘ಕೋಹೀ’, ‘ಬಸು’, ‘ತೊಇರೆ’ ಎಂಬ ಫಲಕಗಳನ್ನು ತಾವೇ ಓದಿಕೊಳ್ಳಬಹುದು. ಕೊನೆಯದು ಟಾಯ್ಲೆಟ್ಟು.