ಕ್ಯಾಸಲ್‌ಟನ್‌ನಲ್ಲಿ ಎರಡು ದಿನ: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಮಂಡಿನೋವಿರುವ ತಾಯಿಯವರೊಂದಿಗೆ, ಕಾರಿಲ್ಲದೆ, ಇಂಗ್ಲೆಂಡಿನ ಡರ್ಬಿಶೈರ್‌ನ ಕ್ಯಾಸಲ್‌ಟನ್ ಹಳ್ಳಿಯಲ್ಲಿ ಎರಡು ದಿನ ಕಳೆಯಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಕಳೆಯಬಹುದು. ಶೆಫೀಲ್ಡ್ ಮತ್ತು ಮ್ಯಾಂಚೆಸ್ಟರ್ ನಡುವಿನ ರೈಲುಮಾರ್ಗದ ಹೋಪ್ ನಿಲ್ದಾಣದಲ್ಲಿ ಇಳಿದರೆ ಹಳ್ಳಿ ಮೂರು ಕಿಲೋಮೀಟರಿಗಿಂತ ತುಸು ದೂರ. ಬಸ್ಸಿನ ವೇಳೆಯನ್ನು ಮೊದಲೇ ನೋಡಿಕೊಳ್ಳಿ.

517 ಮೀಟರ್ ಎತ್ತರದ ಮ್ಯಾಮ್ ಟಾರ್ ಬೆಟ್ಟವನ್ನು ಬೆಳಿಗ್ಗೆ ನೀವೊಬ್ಬರೇ ಹತ್ತಿ ಬರುವುದು ಒಳ್ಳೆಯದು. ನೆತ್ತಿಯವರೆಗೂ ಕಲ್ಲುಚಪ್ಪಡಿ ಹಾಸಿದ ದಾರಿಯಿದೆ, ಆದರೆ ಅಲ್ಲಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲವಾದ್ದರಿಂದ ಮಳೆಯಂಗಿಯನ್ನೇ ಒಯ್ಯಿರಿ. ಇಳಿಯುವಾಗ ಬುಡದ ಹಳೆಯ ರಸ್ತೆಯನ್ನು ತಪ್ಪದೆ ನೋಡಿ: ಜಾರುತ್ತಲೇ ಇರುವ ಗುಡ್ಡದೊಂದಿಗೆ ದಶಕಗಳ ಕಾಲ ಹೆಣಗಿ, ಕೊನೆಗೆ 1979ರಲ್ಲಿ ವಾಹನಗಳಿಗೆ ಮುಚ್ಚಿದ ಈ ರಸ್ತೆಯಲ್ಲಿ, ದುರಸ್ತಿಗೆಂದು ಒಂದರ ಮೇಲೊಂದು ಸುರಿದ ಡಾಂಬರಿನ ಪದರಗಳು ಬಿರುಕಿನ ಅಂಚಿನಲ್ಲಿ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ನನ್ನ ಮಟ್ಟಿಗೆ ಹಳ್ಳಿಯ ಪೆವೆರಿಲ್ ಕೋಟೆಗಿಂತ ಇದೇ ಹೆಚ್ಚು ಸ್ವಾರಸ್ಯಕರ.

ಹನ್ನೊಂದನೆಯ ಶತಮಾನದಲ್ಲಿ ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕಾಲದ ಈ ಕೋಟೆಯ ಏರು ಕಡಿದಾಗಿದೆ. ಟ್ರೀಕ್ ಕ್ಲಿಫ್ ಗುಹೆಯಲ್ಲಿಯೂ ಮೆಟ್ಟಿಲುಗಳು ಬಹಳ. ತಾಯಿಯವರಿಗೆ ಇವೆರಡೂ ಬೇಡ. ಅವರಿಗೆ ಹಳ್ಳಿಯೊಳಗಿನ ತೊರೆಯ ದಂಡೆಯೂ, ನೇರಳೆ ಮತ್ತು ಹಳದಿ ಪಟ್ಟೆಗಳ ಬ್ಲೂ ಜಾನ್ ಕಲ್ಲಿನ ಒಡವೆ ಮಾರುವ ಅಂಗಡಿಗಳೂ ಹಿಡಿಸಬಹುದು. ಆ ಕಲ್ಲನ್ನು ಇಲ್ಲಿನ ಬೆಟ್ಟದಿಂದಲೇ ತೆಗೆಯುತ್ತಾರೆ, ಬೆಲೆ ಮಾತ್ರ ಹಗುರವಲ್ಲ.